ಸಿಸ್ಟರ್‌ಗಳ ಆಸ್ಪತ್ರೆ: ಮಂಗಳೂರಿಗೆ ಬರುವ ನೆಂಟರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಮನೆ ಮಾಡಿಕೊಂಡವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಘಟ್ಟದ ಮೇಲಿನ ನೆಂಟರಿಗೆ ಹುಷಾರಿಲ್ಲ ಅಂದರೆ ಫೋನು ಬರುವುದು ನಮಗೇ. ಮೂಡಿಗೆರೆ, ಸಕಲೇಶಪುರ, ಶಿರಸಿ, ಒಮ್ಮೊಮ್ಮೆ ಹಾವೇರಿಯಿಂದಲೂ ಬರುತ್ತಾರೆ. ಬಸ್ ಇಳಿಸಿಕೊಂಡು, ಓಪಿಡಿ ಚೀಟಿ ಮಾಡಿಸಿ, ಡಾಕ್ಟರು ಕರೆಯುವ ತನಕ ಬೆಂಚಿನ ಮೇಲೆ ಕೂತರೆ ಮಾತು ಶುರು. ಎದುರಿಗೆ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಸಿಸ್ಟರ್ ಹಾದು ಹೋದರೆ ಸಾಕು, ಪ್ರಶ್ನೆ ಮೇಲೆ ಪ್ರಶ್ನೆ. ಎಷ್ಟೋ ವರ್ಷದಿಂದ ಅವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ, ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವವನೂ ಅಲ್ಲ. ಬೆಂಚಿನ ಮೇಲೆ ಜಾಸ್ತಿ ಹೊತ್ತು ಕೂತವನು, ಅಷ್ಟೆ.

ನರ್ಸ್‌ಗೂ ಸಿಸ್ಟರ್ ಅಂತೀವಿ, ಇವರಿಗೂ ಸಿಸ್ಟರ್ ಅಂತೀವಿ. ಇಬ್ಬರೂ ಒಂದೇನಾ?

ಅಲ್ಲ. ಆದರೆ ಎರಡೂ ಹೆಸರಿನ ಬೇರು ಒಂದೇ. ಯುರೋಪಿನಲ್ಲಿ ಬಹಳ ಕಾಲ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಸನ್ಯಾಸಿನಿಯರು. ಅವರನ್ನು ಸಿಸ್ಟರ್ ಅಂತ ಕರೆಯುತ್ತಿದ್ದರು. ಆಮೇಲೆ ಸಂಬಳದ ನರ್ಸ್‌ಗಳು ಬಂದರು, ಹೆಸರು ಮಾತ್ರ ಹಾಗೇ ಉಳಿಯಿತು. ಇಂಗ್ಲೆಂಡಿನಲ್ಲಿ ವಾರ್ಡಿನ ಮುಖ್ಯ ನರ್ಸ್ ಈಗಲೂ ಸಿಸ್ಟರ್. ಜರ್ಮನಿಯಲ್ಲಿ ನರ್ಸ್ ಅನ್ನುವ ಪದದ ಒಳಗೇ ಅಕ್ಕ ಇದ್ದಾಳೆ. ನಮ್ಮಲ್ಲಿ ಇಂಜೆಕ್ಷನ್ ಚುಚ್ಚುವ ಹುಡುಗಿ ಯಾವ ಜಾತಿಯವಳಾದರೂ ಸಿಸ್ಟರೇ.

ಕನ್ನಡದಲ್ಲಿ ಸನ್ಯಾಸಿನಿ ಸಿಸ್ಟರನ್ನು ಧರ್ಮಭಗಿನಿ ಅಂತ ಪತ್ರಿಕೆಗಳು ಬರೆಯುತ್ತವೆ. ಕೊಂಕಣಿಯಲ್ಲಿ ಹಳಬರು ಮಾದ್ರ್ ಅಂತಾರೆ. ಅವರಲ್ಲೂ ಎಲ್ಲರೂ ನರ್ಸ್ ಅಲ್ಲ. ಒಬ್ಬರು ಫಾರ್ಮಸಿಯಲ್ಲಿ, ಒಬ್ಬರು ಲೆಕ್ಕಪತ್ರದಲ್ಲಿ, ಇನ್ನೊಬ್ಬರು ಅಡುಗೆಮನೆಯ ಉಸ್ತುವಾರಿಯಲ್ಲಿ ಇರುತ್ತಾರೆ. ಕೆಲವರು ಡಾಕ್ಟರು. ಸಿಸ್ಟರ್, ಬಿಪಿ ನೋಡಿ ಅಂತ ಅಕೌಂಟೆಂಟ್ ಮುಂದೆ ಕೈ ಚಾಚಿದ ನನ್ನ ಚಿಕ್ಕಪ್ಪನನ್ನು ನಾನೇ ನೋಡಿದ್ದೇನೆ.

ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಶುರು ಮಾಡಿದ್ದು ಸಿಸ್ಟರ್‌ಗಳಾ?

ಇಲ್ಲ. ಹೆಸರೇ ಹೇಳುತ್ತದೆ ಅಲ್ವಾ? ಅಗಸ್ಟಸ್ ಮುಲ್ಲರ್ ಜರ್ಮನಿಯ ವೆಸ್ಟ್‌ಫಾಲಿಯಾದವರು, ಜೆಸ್ವಿಟ್ ಅನ್ನುವ ಕಥೋಲಿಕ ಸನ್ಯಾಸಿ ಪಂಗಡದ ಪಾದ್ರಿ. 1878ರ ಕೊನೆಗೆ ಮಂಗಳೂರಿಗೆ ಬಂದರು. ರೋಮ್ ಆಗಷ್ಟೇ ಈ ಮಿಶನ್ನನ್ನು ಕಾರ್ಮೆಲೈಟ್ ಅನ್ನುವ ಇನ್ನೊಂದು ಪಂಗಡದ ಕೈಯಿಂದ ಜೆಸ್ವಿಟರಿಗೆ ವಹಿಸಿತ್ತು. ಅವರ ಹತ್ತಿರ ಹೋಮಿಯೋಪಥಿ ಔಷಧದ ಪೆಟ್ಟಿಗೆ ಇತ್ತು. 1880ರಲ್ಲಿ ಬಡವರಿಗಾಗಿ ಒಂದು ಹೋಮಿಯೋಪಥಿ ದವಾಖಾನೆ ಶುರುವಾಯಿತು. ಆಲದ ಮರದ ಕೆಳಗೆ ಕೂತು ಗುಳಿಗೆ ಕೊಡುತ್ತಿದ್ದರು ಅನ್ನುವುದು ಕಂಕನಾಡಿಯಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು.

1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಮ. 1902ರಲ್ಲಿ ಪ್ಲೇಗ್ ಬಂದಾಗ ಪ್ಲೇಗ್ ಆಸ್ಪತ್ರೆ. ಮುಲ್ಲರ್ ತೀರಿಕೊಂಡದ್ದು 1910ರ ನವೆಂಬರ್ 1ರಂದು, ಮಂಗಳೂರಿನಲ್ಲೇ. ಈಗ ಸಂಸ್ಥೆ ಮಂಗಳೂರು ಧರ್ಮಪ್ರಾಂತ್ಯದ, ಅಂದರೆ ಬಿಷಪ್ಪರ, ಆಡಳಿತದಲ್ಲಿದೆ. ಮೆಡಿಕಲ್ ಕಾಲೇಜು ಆದದ್ದು 1999ರಲ್ಲಿ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. 1890ರಲ್ಲಿ ಕುಷ್ಠರೋಗಕ್ಕೆ ಔಷಧ ಏನಿತ್ತು? ಹೆಚ್ಚು ಕಡಿಮೆ ಏನೂ ಇರಲಿಲ್ಲ. ರೋಗಾಣುವನ್ನು ಹ್ಯಾನ್ಸನ್ ಕಂಡುಹಿಡಿದದ್ದು 1873ರಲ್ಲಿ. ಡ್ಯಾಪ್ಸೋನ್ ಅನ್ನುವ ಗುಳಿಗೆ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಮೂರು ಔಷಧ ಒಟ್ಟಿಗೆ ಕೊಡುವ ಈಗಿನ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1982ರ ಹೊತ್ತಿಗೆ. ಅದಕ್ಕೂ ಮುಂಚೆ ಇದ್ದದ್ದು ನಮ್ಮ ಘಟ್ಟದ ಕಾಡಿನಲ್ಲೇ ಬೆಳೆಯುವ ಗರುಡಫಲದಂಥ ಮರಗಳ ಬೀಜದ ಎಣ್ಣೆ. ವಾಸನೆ ಕೆಟ್ಟದು, ಕುಡಿದರೆ ವಾಂತಿ. ಅಂದರೆ ಆಗಿನ ಕುಷ್ಠಾಶ್ರಮದಲ್ಲಿ ಚಿಕಿತ್ಸೆ ಅಂದರೆ ಬಿಸಿನೀರಿನಲ್ಲಿ ಹುಣ್ಣು ತೊಳೆಯುವುದು, ಹಳೇ ಪಟ್ಟಿ ಬಿಚ್ಚಿ ಹೊಸದು ಕಟ್ಟುವುದು, ಬೆರಳಿಲ್ಲದವರಿಗೆ ಗಂಜಿ ಕುಡಿಸುವುದು. ಮಾರನೇ ದಿನ ಮತ್ತೆ ಅದೇ. ಡಾಕ್ಟರಿಗೆ ಅಲ್ಲಿ ಕೆಲಸ ಕಮ್ಮಿ. ಕೈಗಳಿಗೆ ಜಾಸ್ತಿ.

ಹಾಗಾದರೆ ಸಿಸ್ಟರ್‌ಗಳು ಬಂದದ್ದು ಯಾವಾಗ?

ಒಂದೇ ಸಲ ಅಲ್ಲ, ಒಂದೇ ಊರಿನಿಂದಲೂ ಅಲ್ಲ. ಮೊದಲು ಬಂದವರು ಶಾಲೆಯ ಕಡೆಯವರು. ಸಭೆ ಅಂದರೆ ಇಲ್ಲಿ ಮೀಟಿಂಗ್ ಅಲ್ಲ, ಸಿಸ್ಟರ್‌ಗಳ ಒಂದು ಪಂಗಡ. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಮೂವರು ಸಿಸ್ಟರ್‌ಗಳು 1870ರ ನವೆಂಬರ್‌ನಲ್ಲಿ ಮಂಗಳೂರಿಗೆ ಬಂದಿಳಿದರು. ಸೈಂಟ್ ಆನ್ಸ್ ಶಾಲೆ, ಮುಂದೆ 1921ರಲ್ಲಿ ಸೈಂಟ್ ಆಗ್ನೆಸ್ ಕಾಲೇಜು ಅವರದ್ದು. 1887ರಲ್ಲಿ ಮಂಗಳೂರಿನಲ್ಲೇ ಒಂದು ಸಭೆ ಹುಟ್ಟಿತು, ಊರಿನ ಹೆಣ್ಣುಮಕ್ಕಳದ್ದೇ. ಜರ್ಮನ್ ಜೆಸ್ವಿಟ್ ಅರ್ಬನ್ ಸ್ಟೈನ್ ಅದನ್ನು ಕಟ್ಟಿದರು. ಈಗ ಅದು ಉರ್ಸುಲೈನ್ ಫ್ರಾನ್ಸಿಸ್ಕನ್. 1898ರಲ್ಲಿ ಇಟಲಿ ಮೂಲದ ಸಿಸ್ಟರ್ಸ್ ಆಫ್ ಚಾರಿಟಿ ಮಂಗಳೂರಿನ ಜೆಪ್ಪುವಿಗೆ ಬಂದರು, ಅಲ್ಲಿನ ಅನಾಥಾಲಯದ ಕೆಲಸಕ್ಕೆ. 1921ರ ಜುಲೈ 16ರಂದು ಬೆಂದೂರಿನಲ್ಲಿ ಬೆಥನಿ ಸಭೆ ಶುರುವಾಯಿತು. ಕಟ್ಟಿದವರು ಊರಿನವರೇ ಆದ ಪಾದ್ರಿ ರೇಮಂಡ್ ಮಸ್ಕರೇನ್ಹಸ್.

ಈ ಪಟ್ಟಿಯಲ್ಲಿ ಒಂದು ವಿಷಯ ನೋಡಿ. ಕಟ್ಟಿದವರು ಅಂತ ಬರುವ ಹೆಸರು ಬಹುತೇಕ ಫಾದರ್‌ದು. ಕೆಲಸಕ್ಕೆ ನಿಂತವರು ಸಿಸ್ಟರ್‌ಗಳು. ನಮ್ಮೂರಿನ ಆಸ್ಪತ್ರೆಗಳ ಕಥೆಯೂ ಹೀಗೇ. ಬೋರ್ಡಿನ ಮೇಲೆ ಒಬ್ಬರು, ಹಾಸಿಗೆ ಪಕ್ಕ ಇನ್ನೊಬ್ಬರು. ಕಂಕನಾಡಿಯ ಆಸ್ಪತ್ರೆಯಲ್ಲೂ ಬೇರೆ ಬೇರೆ ಸಭೆಗಳ ಸಿಸ್ಟರ್‌ಗಳು ದುಡಿದಿದ್ದಾರೆ, ಈಗಲೂ ದುಡಿಯುತ್ತಿದ್ದಾರೆ. ಅವರ ಹೆಸರು ಯಾವ ಸರ್ಕಲ್‌ಗೂ ಇಲ್ಲ.

ಜೆಪ್ಪುವಿಗೆ ಬಂದ ಇಟಲಿಯ ಸಿಸ್ಟರ್‌ಗಳು ಯಾರು?

ಇವರ ಕಥೆ ನನಗೆ ಇಷ್ಟ, ಯಾಕೆಂದರೆ ಇಲ್ಲಿ ಶುರು ಮಾಡಿದವರು ಹೆಂಗಸರೇ. ಉತ್ತರ ಇಟಲಿಯಲ್ಲಿ ಇಸೇಯೊ ಅನ್ನುವ ಸರೋವರದ ದಡದಲ್ಲಿ ಲೊವೆರೆ ಅಂತ ಚಿಕ್ಕ ಊರು. ಅಲ್ಲಿ ಇಬ್ಬರು. ಒಬ್ಬಳು ಬಾರ್ತೊಲೊಮೆಯಾ ಕಪಿತಾನಿಯೊ, ಹುಟ್ಟಿದ್ದು 1807ರಲ್ಲಿ. ಇನ್ನೊಬ್ಬರು ವಿಂಚೆಂಜಾ ಜೆರೋಸಾ, ಆಕೆಗಿಂತ 22 ವರ್ಷ ದೊಡ್ಡವರು, ಆಸ್ತಿವಂತರ ಮನೆಯವರು. ಸಭೆ ಕಟ್ಟುವ ಮೊದಲೇ ಇಬ್ಬರೂ ಊರಿನಲ್ಲಿ ಒಂದು ಸಣ್ಣ ಆಸ್ಪತ್ರೆ ನೋಡಿಕೊಳ್ಳುತ್ತಿದ್ದರು. ಹಣ ವಿಂಚೆಂಜಾ ಮನೆಯದ್ದು. 1832ರ ನವೆಂಬರ್ 21ರಂದು ಸಭೆ ಶುರುವಾಯಿತು. ಎಂಟು ತಿಂಗಳಲ್ಲಿ ಬಾರ್ತೊಲೊಮೆಯಾ ತೀರಿಕೊಂಡಳು. ಇನ್ನೂ 26 ವರ್ಷ. ಕಿರಿಯವಳ ಕನಸನ್ನು ಹಿರಿಯವರು ಹೊತ್ತು ನಡೆಸಿದರು. 1860ರಲ್ಲಿ ಈ ಸಭೆಯ ಸಿಸ್ಟರ್‌ಗಳು ಬಂಗಾಳದ ಕೃಷ್ಣನಗರಕ್ಕೆ ಬಂದರು, ಅಲ್ಲಿಂದ 38 ವರ್ಷಕ್ಕೆ ನಮ್ಮ ಜೆಪ್ಪುವಿಗೆ. 1950ರಲ್ಲಿ ಪೋಪ್ ಇಬ್ಬರನ್ನೂ ಸಂತರೆಂದು ಸಾರಿದರು.

ಇಟಲಿಯಲ್ಲಿ ಇವರನ್ನು ಮರಿಯಾ ಬಂಬೀನಾ ಸಿಸ್ಟರ್‌ಗಳು ಅಂತ ಕರೆಯುತ್ತಾರೆ. ಬಂಬೀನಾ ಅಂದರೆ ಕೂಸು. ಮಿಲಾನಿನ ಅವರ ಮುಖ್ಯ ಮನೆಯಲ್ಲಿ ಕೂಸು ಮರಿಯಮ್ಮನ ಒಂದು ಮೂರ್ತಿ ಇದೆ. ಮಂಗಳೂರಿನವರಿಗೆ ಇದನ್ನು ಕೇಳಿದ ಕೂಡಲೇ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ನೆನಪಾಗುತ್ತದೆ. ಮಕ್ಕಳು ಬುಟ್ಟಿ ತುಂಬಾ ಹೂ ತಂದು ಕೂಸು ಮರಿಯಮ್ಮನಿಗೆ ಹಾಕುವ ದಿನ, ಹೊಸ ತೆನೆಯ ದಿನ. ಮೊಂತಿ ಫೆಸ್ತ್ ಈ ಸಿಸ್ಟರ್‌ಗಳು ತಂದದ್ದಲ್ಲ, ಅವರಿಗಿಂತ ಬಹಳ ಹಳೆಯದು. ಆದರೂ ದೂರದ ಇಟಲಿಯಿಂದ ಬಂದವರಿಗೆ ಇಲ್ಲಿ ತಮ್ಮದೇ ಕೂಸು ಹೂವಿನ ರಾಶಿಯಲ್ಲಿ ಕಂಡಾಗ ಏನನ್ನಿಸಿರಬಹುದು ಅಂತ ಸುಮ್ನೆ ಯೋಚನೆ ಬರುತ್ತದೆ.

ಸಿಸ್ಟರ್ ಅಂದರೆ ಮಠದೊಳಗೆ ಇರಬೇಕಲ್ವಾ? ಆಸ್ಪತ್ರೆಯಲ್ಲಿ ಏನು ಕೆಲಸ?

ಮಠದೊಳಗೇ ಇರುವವರೂ ಇದ್ದಾರೆ. ಮಂಗಳೂರಿನಲ್ಲೇ 1870ರಿಂದ ಅಂಥ ಒಂದು ಕಾರ್ಮೆಲ್ ಮಠ ಇದೆ. ಹೊರಗೆ ಬರುವುದಿಲ್ಲ, ಪ್ರಾರ್ಥನೆಯೇ ಕೆಲಸ. ಅದನ್ನು ಕಟ್ಟಲು ಫ್ರಾನ್ಸಿನಿಂದ ಬಂದವರ ಜೊತೆ ಗಲಿಲಾಯದ ಒಬ್ಬ ಅರಬ್ ಹುಡುಗಿ ಇದ್ದಳು, ಮರಿಯಮ್ ಬವಾರ್ದಿ. 1871ರಲ್ಲಿ ಇಲ್ಲೇ ವ್ರತ ತೆಗೆದುಕೊಂಡಳು, ಮರುವರ್ಷ ವಾಪಸ್ ಹೋದಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಸಾರಿದರು. ಮಂಗಳೂರಿನ ಸೆಕೆ ತಿಂದ ಸಂತಳು ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ.

ಆಸ್ಪತ್ರೆಯ ಸಿಸ್ಟರ್‌ಗಳು ಬೇರೆ ದಾರಿಯವರು. ಆ ದಾರಿಯನ್ನು ದೊಡ್ಡದಾಗಿ ತೆರೆದವರು 1633ರಲ್ಲಿ ಪ್ಯಾರಿಸ್ಸಿನ ವಿನ್ಸೆಂಟ್ ಡಿ ಪಾಲ್ ಮತ್ತು ಲೂಯಿಸ್ ದ ಮರಿಯಾಕ್. ಆಗ ಸನ್ಯಾಸಿನಿ ಅಂದರೆ ಗೋಡೆಯ ಒಳಗೆ ಇರಲೇಬೇಕು ಅನ್ನುವ ನಿಯಮ. ಇವರು ಹೇಳಿದ್ದು: ನಿಮಗೆ ರೋಗಿಯ ಮನೆಯೇ ಮಠ, ಊರಿನ ಬೀದಿಯೇ ಪ್ರಾಕಾರ. ಆಮೇಲೆ ಬಂದ ನೂರಾರು ಸಭೆಗಳು ಇದೇ ಜಾಡು ಹಿಡಿದವು.

ಹೆಸರಿನ ಹಿಂದೆ ಎ.ಸಿ. ಅಂತ ಬರೆದಿದೆ. ಏನದು?

ಸಭೆಯ ಗುರುತು. ಎ.ಸಿ. ಅಂದರೆ ಅಪೊಸ್ತಲಿಕ್ ಕಾರ್ಮೆಲ್. ಬಿ.ಎಸ್. ಬೆಥನಿ. ಯು.ಎಫ್.ಎಸ್. ಉರ್ಸುಲೈನ್ ಫ್ರಾನ್ಸಿಸ್ಕನ್. ಕೂಲರ್‌ಗೂ ಇದಕ್ಕೂ ಸಂಬಂಧ ಇಲ್ಲ. ಹೌದು, ಕೇಳಿದವರಿದ್ದಾರೆ.

ಕರ್ನಾಟಕದಲ್ಲಿ ಸಿಸ್ಟರ್‌ಗಳೇ ಶುರು ಮಾಡಿದ ಆಸ್ಪತ್ರೆ ಇದೆಯಾ?

ಇದೆ. ದೊಡ್ಡ ಉದಾಹರಣೆ ಬೆಂಗಳೂರಿನ ನೃಪತುಂಗ ರಸ್ತೆಯ ಸೈಂಟ್ ಮಾರ್ಥಾಸ್. ಗುಡ್ ಶೆಫರ್ಡ್ ಸಿಸ್ಟರ್‌ಗಳು 1886ರಲ್ಲಿ ತೆರೆದದ್ದು. ಫ್ರಾನ್ಸಿನ ಆಂಜೆ ಅನ್ನುವ ಊರಿನಲ್ಲಿ ಹುಟ್ಟಿದ ಸಭೆ ಅದು, ಬೆಂಗಳೂರಿಗೆ ಬಂದದ್ದು 1854ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಊರು ನೋಡಿ ಆಮೇಲೆ ಆಸ್ಪತ್ರೆ. ಹೆಸರೂ ಚೆನ್ನಾಗಿದೆ. ಬೈಬಲಿನಲ್ಲಿ ಮಾರ್ಥಾ ಅಂದರೆ ಯೇಸು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಒದ್ದಾಡುತ್ತಿದ್ದ ಅಕ್ಕ. ತಂಗಿ ಕೂತು ಮಾತು ಕೇಳುತ್ತಿದ್ದಳು. ಆಸ್ಪತ್ರೆಗೆ ಅಕ್ಕನ ಹೆಸರೇ ಸರಿ.

ನಮ್ಮ ಕಡೆ ಮೂಡುಬಿದಿರೆ ಹತ್ತಿರದ ಅಲಂಗಾರಿನಲ್ಲಿ ಮೌಂಟ್ ರೋಸರಿ ಇದೆ. ಮೊನ್ಸಿಂಜೊರ್ (ಹಿರಿಯ ಪಾದ್ರಿ) ಎಡ್ವಿನ್ ಪಿಂಟೊ ಕಟ್ಟಿದ ಸಭೆಯ ಸಿಸ್ಟರ್‌ಗಳು ಅಲ್ಲಿದ್ದಾರೆ. ಉಡುಪಿ ಕಡೆಯವರಿಗೆ ಕಲ್ಯಾಣಪುರ ಸಂತೆಕಟ್ಟೆಯ ಗೊರೆಟ್ಟಿ ಆಸ್ಪತ್ರೆ ಗೊತ್ತಿರುತ್ತದೆ. ಆ ಹೆಸರು ಇಟಲಿಯ ಹುಡುಗಿ ಮರಿಯಾ ಗೊರೆಟ್ಟಿಯದ್ದು. ಆಕೆಯೂ 1950ರಲ್ಲೇ ಸಂತಳಾದವಳು.

ಉಡುಪಿಯ ಮಿಶನ್ ಆಸ್ಪತ್ರೆಯೂ ಇವರದ್ದೇನಾ?

ಅಲ್ಲ. ಅದು ಪ್ರೊಟೆಸ್ಟೆಂಟರದ್ದು. ಬಾಸೆಲ್ ಮಿಶನ್ ಕಡೆಯಿಂದ ಬಂದ ಸ್ವಿಟ್ಜರ್ಲೆಂಡಿನ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಶುರು ಮಾಡಿದ್ದು. ಈಗ ಲೊಂಬಾರ್ಡ್ ಮೆಮೋರಿಯಲ್. ಆಕೆ ಸನ್ಯಾಸಿನಿ ಅಲ್ಲ, ಡಾಕ್ಟರ್. ಮಂಗಳೂರಿನ ವೆನ್ಲಾಕ್ ಮತ್ತು ಲೇಡಿ ಗೋಷನ್ ಸರ್ಕಾರದ್ದು. ಹೆಸರು ಇಂಗ್ಲಿಷಿನದ್ದಾದರೆ ಎಲ್ಲವೂ ಇಗರ್ಜಿಯದ್ದಲ್ಲ.

ಸಿಸ್ಟರ್‌ಗಳು ಹೆರಿಗೆ ಮಾಡಿಸಬಾರದು ಅಂತ ಹಿಂದೆ ನಿಯಮ ಇತ್ತಂತೆ. ನಿಜಾನಾ?

ನಿಜ. ಕೇಳಿದವರು ನಂಬುವುದಿಲ್ಲ, ಆದರೆ ನಿಜ. ವ್ರತ ತೊಟ್ಟ ಹೆಂಗಸರು ವೈದ್ಯ ವೃತ್ತಿ ಮಾಡುವುದನ್ನು, ಅದರಲ್ಲೂ ಹೆರಿಗೆಯ ಕೆಲಸವನ್ನು ಕಥೋಲಿಕ ಧರ್ಮಸಭೆಯ ನಿಯಮಗಳು ಒಪ್ಪುತ್ತಿರಲಿಲ್ಲ. ಬ್ರಹ್ಮಚರ್ಯದ ವ್ರತಕ್ಕೆ ಹೊಂದುವ ಕೆಲಸ ಅಲ್ಲ ಅನ್ನುವ ಭಾವನೆ. ರೋಗಿಯ ಗಾಯ ಕಟ್ಟಬಹುದು, ಗಂಜಿ ಕೊಡಬಹುದು. ಬಾಣಂತಿಯ ಕೋಣೆಗೆ ಹೋಗುವ ಹಾಗಿಲ್ಲ.

ಯುರೋಪಿನಲ್ಲಿ ಇದು ಹೇಗೋ ನಡೆಯುತ್ತಿತ್ತು. ನಮ್ಮ ದೇಶದಲ್ಲಿ ಇದರ ಅರ್ಥವೇ ಬೇರೆ. ಗಂಡಸು ಡಾಕ್ಟರಿಗೆ ಮೈ ತೋರಿಸುವುದಕ್ಕಿಂತ ಸಾಯುವುದೇ ಮೇಲು ಅಂತ ಎಷ್ಟೋ ಮನೆಗಳಲ್ಲಿ ನಂಬಿದ್ದ ಕಾಲ. ಸರ್ಕಾರಕ್ಕೂ ಇದು ಗೊತ್ತಿತ್ತು. 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿ ಹುಟ್ಟಿದ್ದೇ ಹೆಂಗಸರಿಗೆ ಹೆಣ್ಣು ಡಾಕ್ಟರು, ಹೆಣ್ಣು ನರ್ಸ್ ಸಿಗಲಿ ಅಂತ. ಇಗರ್ಜಿಯಲ್ಲಿ ಕೈಗಳಿದ್ದವು, ಆ ಕೈ ಕಟ್ಟಿತ್ತು.

ಬಿಚ್ಚಿಸಿದವರು ಮೂವರು ಹೆಂಗಸರು, ಒಬ್ಬರ ಹಿಂದೆ ಒಬ್ಬರು.

ಮೊದಲನೆಯವರು ಸ್ಕಾಟ್ಲೆಂಡಿನ ಡಾ. ಆಗ್ನೆಸ್ ಮೆಕ್‌ಲಾರೆನ್. ವಯಸ್ಸು 60 ದಾಟಿದ ಮೇಲೆ ಕಥೋಲಿಕರಾದವರು. ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ ಹೆಂಗಸರು ಮಕ್ಕಳಿಗೆ ಆಸ್ಪತ್ರೆ ಆಗುವಂತೆ ಮಾಡಿದರು. ನಿಯಮ ಬದಲಿಸಿ ಅಂತ ರೋಮಿಗೆ ಮತ್ತೆ ಮತ್ತೆ ಹೋಗಿ ಕೇಳಿದರು. 1913ರಲ್ಲಿ ತೀರಿಕೊಂಡರು, ನಿಯಮ ಹಾಗೇ ಇತ್ತು.

ಎರಡನೆಯವರು ಆಸ್ಟ್ರೇಲಿಯಾದ ಡಾ. ಮೇರಿ ಗ್ಲೋರಿ. ಮೆಲ್ಬರ್ನ್‌ನಲ್ಲಿ ಓದಿದ ಡಾಕ್ಟರ್. ಮೆಕ್‌ಲಾರೆನ್ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ಓದಿ ಮನಸ್ಸು ಮಾಡಿದರು. 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಸನ್ಯಾಸಿನಿಯಾದರು. ಡಾಕ್ಟರಾಗಿಯೇ ಮುಂದುವರಿಯಲು ಪೋಪ್ 15ನೇ ಬೆನೆಡಿಕ್ಟ್ ವಿಶೇಷ ಅನುಮತಿ ಕೊಟ್ಟರು. ಒಬ್ಬರಿಗೆ ಬಾಗಿಲು ತೆರೆಯಿತು, ಉಳಿದವರಿಗೆ ಇಲ್ಲ.

ಮೂರನೆಯವರು ಆಸ್ಟ್ರಿಯಾದ ಟಿರೋಲಿನ ಅನ್ನಾ ಡೆಂಗೆಲ್. ಐರ್ಲೆಂಡಿನ ಕಾರ್ಕ್‌ನಲ್ಲಿ ವೈದ್ಯಕೀಯ ಓದಿ ರಾವಲ್ಪಿಂಡಿಯ ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. 1925ರಲ್ಲಿ ವಾಷಿಂಗ್ಟನ್‌ನಲ್ಲಿ ಒಂದು ಗುಂಪು ಕಟ್ಟಿದರು. ಮೆಡಿಕಲ್ ಮಿಶನ್ ಸಿಸ್ಟರ್ಸ್ ಅಂತ ಹೆಸರು. ಹೆಸರಿಗೆ ಸಿಸ್ಟರ್ಸ್, ಆದರೆ ನಿಯಮ ಅಡ್ಡ ಇದ್ದದ್ದರಿಂದ ಪೂರ್ತಿ ಸನ್ಯಾಸದ ವ್ರತ ತೆಗೆದುಕೊಳ್ಳುವ ಹಾಗಿಲ್ಲ. ಹನ್ನೊಂದು ವರ್ಷ ಹಾಗೇ ಕಾದರು. 1936ರ ಫೆಬ್ರವರಿ 11ರಂದು ರೋಮ್ ನಿಯಮ ಸಡಿಲಿಸಿತು. ಸಿಸ್ಟರ್‌ಗಳು ಡಾಕ್ಟರಾಗಬಹುದು, ಹೆರಿಗೆಯ ಕೆಲಸವೂ ಮಾಡಬಹುದು.

ಫೆಬ್ರವರಿ 11 ಲೂರ್ದ್ ಮಾತೆಯ ಹಬ್ಬ. ಈಗ ಆ ದಿನವನ್ನೇ ಕಥೋಲಿಕರು ರೋಗಿಗಳ ದಿನ ಅಂತ ಆಚರಿಸುತ್ತಾರೆ. ಆಸ್ಪತ್ರೆಯಲ್ಲಿ ಅವತ್ತು ಸಿಹಿ ಹಂಚಿದರೆ ರೋಗಿಗಳ ಹಬ್ಬ ಅಂತ ತಿನ್ನಿ. ನಾನು ಮಾತ್ರ 1936 ಅಂದುಕೊಂಡು ತಿನ್ನುತ್ತೇನೆ.

ಮೇರಿ ಗ್ಲೋರಿ ಇನ್ನೊಂದು ಕೆಲಸ ಮಾಡಿದರು. 1943ರಲ್ಲಿ ಹದಿನಾರು ಸಿಸ್ಟರ್‌ಗಳನ್ನು ಸೇರಿಸಿ ಕಥೋಲಿಕ ಆಸ್ಪತ್ರೆಗಳ ಒಕ್ಕೂಟ ಕಟ್ಟಿದರು. ಈಗ ಅದರಲ್ಲಿ ದೇಶದ 3,500ಕ್ಕೂ ಹೆಚ್ಚು ಸಂಸ್ಥೆಗಳಿವೆ, ಎಷ್ಟೋ ಹಳ್ಳಿಯ ಸಣ್ಣ ದವಾಖಾನೆಗಳೂ ಸೇರಿ. ಆಕೆ ತೀರಿಕೊಂಡದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲಿ.

ಸಿಸ್ಟರ್‌ಗಳಿಗೆ ಸಂಬಳ ಇರುತ್ತಾ?

ಸಂಬಳ ಬಂದರೂ ಅವರ ಕೈಗೆ ಅಲ್ಲ, ಸಭೆಗೆ. ಬಡತನ, ಬ್ರಹ್ಮಚರ್ಯ, ವಿಧೇಯತೆ ಅಂತ ಮೂರು ವ್ರತ. ಸ್ವಂತ ಆಸ್ತಿ ಅನುಭವಿಸುವ ಹಾಗಿಲ್ಲ. ವರ್ಗ ಮಾಡಿದಲ್ಲಿಗೆ ಪೆಟ್ಟಿಗೆ ಹಿಡಿದು ಹೋಗಬೇಕು. ಸೇರಿದ ಕೂಡಲೇ ವ್ರತ ಸಿಗುವುದಿಲ್ಲ. ಕನಿಷ್ಠ ಒಂದು ವರ್ಷ ನೊವಿಶಿಯೇಟ್ ಅನ್ನುವ ತರಬೇತಿ, ಆಮೇಲೆ ಕನಿಷ್ಠ ಮೂರು ವರ್ಷ ತಾತ್ಕಾಲಿಕ ವ್ರತ, ಅದು ಮುಗಿದ ಮೇಲೆ ಜೀವನಪೂರ್ತಿ. ನರ್ಸ್ ಆಗಬೇಕಾದರೆ ಇದರ ಜೊತೆ ಎಲ್ಲರ ಹಾಗೆ ಜಿಎನ್‌ಎಂ ಡಿಪ್ಲೊಮಾ ಅಥವಾ ಬಿಎಸ್ಸಿ ನರ್ಸಿಂಗ್ ಓದಬೇಕು. ದೇವರ ಹೆಸರಿನಲ್ಲಿ ಪರೀಕ್ಷೆಗೆ ವಿನಾಯಿತಿ ಇಲ್ಲ.

ಇಗರ್ಜಿಯ ಆಸ್ಪತ್ರೆ ಅಂದರೆ ಫ್ರೀ ಅಲ್ವಾ? ಬಿಲ್ ಯಾಕೆ?

ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳುವಾಗ ದನಿ ಸ್ವಲ್ಪ ಏರಿರುತ್ತದೆ. ಫ್ರೀ ಅಲ್ಲ. ಹಿಂದೆ ಮಿಶನ್ ದುಡ್ಡು ಹೊರದೇಶದಿಂದ ಬರುತ್ತಿತ್ತು, ಸೇವೆ ಅಂದರೆ ಗುಳಿಗೆ, ಪಟ್ಟಿ, ಗಂಜಿ. ಈಗ ಸ್ಕ್ಯಾನಿಂಗ್ ಯಂತ್ರ, ಐಸಿಯು, ತಜ್ಞ ಡಾಕ್ಟರರ ಸಂಬಳ. ಇದು ಕಾಣಿಕೆ ಡಬ್ಬಿಯಿಂದ ನಡೆಯುವುದಿಲ್ಲ. ಕೊಡುವವರಿಂದ ತೆಗೆದುಕೊಂಡು ಕೊಡಲಾಗದವರಿಗೆ ಬಿಡುವುದು ಇವರ ಲೆಕ್ಕಾಚಾರ. ಎಷ್ಟು ಬಿಡುತ್ತಾರೆ ಅನ್ನುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ.

ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಒಂದು ಕಡೆ ನಮ್ಮ ಅತ್ತೆಯ ಬಿಲ್ಲಿನಲ್ಲಿ ಇಲ್ಲದ ಎರಡು ರಾತ್ರಿ ಸೇರಿತ್ತು. ಸರಿ ಮಾಡಿಸಲು ಮೂರು ಗಂಟೆ, ನಾಲ್ಕು ಕೌಂಟರ್. ಮೇಲೆ ಗೋಡೆಯಲ್ಲಿ ಕರುಣೆಯ ಬಗ್ಗೆ ದೊಡ್ಡ ಅಕ್ಷರದ ವಾಕ್ಯ. ಅದನ್ನು ಮೂರು ಗಂಟೆ ಓದಿದೆ. ಸೇವೆ ಅನ್ನುವ ಮಾತನ್ನು ಬೋರ್ಡಿನಲ್ಲಿ ಬರೆದ ಮೇಲೆ ಬಿಲ್ಲಿಂಗ್ ಕೌಂಟರಿಗೂ ಅದು ತಲುಪಬೇಕು.

ಕೆಲಸಕ್ಕೆ ಬರುವ ಮಾತು: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಆ ಆಸ್ಪತ್ರೆ ಸೇರಿದೆಯಾ ಅಂತ ಅಡ್ಮಿಟ್ ಆಗುವ ಮೊದಲೇ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಸಿಗುತ್ತದೆ. ತುರ್ತು ಕೇಸ್ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆಧಾರ್, ರೇಷನ್ ಕಾರ್ಡ್ ಎರಡನ್ನೂ ತನ್ನಿ. ಊರಿನಲ್ಲಿ ಬಿಟ್ಟು ಬರಬೇಡಿ, ಪ್ರತಿ ಸಲ ಇದೇ ಕಥೆ. ಕೈಯಲ್ಲಿ ನಿಜವಾಗಿ ಇಲ್ಲದಿದ್ದರೆ ಸೋಶಿಯಲ್ ವರ್ಕರ್ ಎಲ್ಲಿದ್ದಾರೆ ಕೇಳಿ. ನಾಚಿಕೆ ಬೇಡ.

ಅಲ್ಲಿ ಪ್ರಾರ್ಥನೆ ಮಾಡಿಸ್ತಾರಂತೆ? ಮತಾಂತರ ಮಾಡ್ತಾರಾ?

ಚಾಪೆಲ್ ಇರುತ್ತದೆ. ಕೆಲವು ಕಡೆ ಬೆಳಿಗ್ಗೆ ಸ್ಪೀಕರಿನಲ್ಲಿ ಒಂದು ಪುಟ್ಟ ಪ್ರಾರ್ಥನೆ ಬರುತ್ತದೆ. ವಾರ್ಡಿನ ಗೋಡೆಯಲ್ಲಿ ಶಿಲುಬೆ. ಕಥೋಲಿಕ ರೋಗಿಗಳಿಗೆ ಪಾದ್ರಿ ಬಂದು ಪರಮಪ್ರಸಾದ ಕೊಡುತ್ತಾರೆ. ಇಷ್ಟು ವರ್ಷದಲ್ಲಿ ನನ್ನ ಜೊತೆ ಬಂದ ಯಾರಿಗೂ ಯಾವ ಸಿಸ್ಟರೂ ಮತ ಬದಲಿಸಿ ಅಂದದ್ದು ನಾನು ಕೇಳಿಲ್ಲ. ನಾನು ಕಂಡದ್ದು ಹೇಳಬಲ್ಲೆ.

ಕಂಡದ್ದು ಏನೆಂದರೆ ಇದು. ಅಜ್ಜಿಗೆ ಸೊಂಟದ ಮೂಳೆ ಮುರಿದು ಹನ್ನೊಂದು ದಿನ ಜನರಲ್ ವಾರ್ಡಿನಲ್ಲಿದ್ದೆವು. ಮಳೆಗಾಲ. ರಾತ್ರಿ ಮೂರಕ್ಕೆ ವಯಸ್ಸಾದ ಒಬ್ಬ ಸಿಸ್ಟರ್ ಟಾರ್ಚ್ ಹಿಡಿದು ಬರುತ್ತಿದ್ದರು. ಬೆಳಕು ಮುಖಕ್ಕೆ ಬೀಳದಂತೆ ಗಾಜಿನ ಮೇಲೆ ಬೆರಳು ಅಡ್ಡ ಇಡುತ್ತಿದ್ದರು, ಬೆರಳ ಸಂದಿಯಿಂದ ಕೆಂಪು ಬೆಳಕು. ಡ್ರಿಪ್ ನೋಡಿ, ಅಜ್ಜಿಯ ಪಾದ ಮುಟ್ಟಿ ಬಿಸಿ ಇದೆಯಾ ನೋಡಿ, ಹೊದಿಕೆ ಸರಿಮಾಡುವರು. ಅಜ್ಜಿಗೆ ನಿದ್ದೆ ಇಲ್ಲ, ನೋವಿನಲ್ಲಿ ರಾಮ ರಾಮ ಅನ್ನುತ್ತಿದ್ದರು. ಸಿಸ್ಟರ್ ಕಂಡ ಕೂಡಲೇ ಬಾಯಿ ಮುಚ್ಚಿದರು. ಏನೋ ತಪ್ಪಾಯಿತು ಅನ್ನುವ ಹಾಗೆ. ಸಿಸ್ಟರ್ ತುಳುವಿನಲ್ಲಿ ಅಂದರು, ನಿಲ್ಲಿಸಬೇಡಿ ಅಜ್ಜಿ, ನಾನೂ ಮಣಿ ಎಣಿಸ್ತಾ ಇದ್ದೇನೆ. ಜೇಬಿನಿಂದ ಜಪಸರ ತೆಗೆದು ತೋರಿಸಿದರು. ಮಾರನೇ ರಾತ್ರಿ ಅಜ್ಜಿ ತಮ್ಮ ತುಳಸಿ ಮಾಲೆ ತೋರಿಸಿದರು. ಯಾರದ್ದು ಎಷ್ಟು ಮಣಿ ಅಂತ ಇಬ್ಬರೂ ಲೆಕ್ಕ ಹಾಕಿಕೊಂಡರು.

ಅಲ್ಲಿ ಮಾಡದ ಚಿಕಿತ್ಸೆ ಏನಾದರೂ ಇದೆಯಾ?

ಇದೆ, ಇದನ್ನು ಮೊದಲೇ ತಿಳಿದುಕೊಂಡು ಹೋಗಿ. ಗರ್ಭಪಾತ ಮಾಡುವುದಿಲ್ಲ. ಎರಡನೇ ಹೆರಿಗೆಯ ಜೊತೆಗೇ ಮಕ್ಕಳಾಗದ ಆಪರೇಷನ್ ಮಾಡಿಸಿಬಿಡೋಣ ಅಂತ ನಮ್ಮ ಕಡೆಯವರು ಅಂದುಕೊಂಡು ಬರುತ್ತಾರೆ. ಕಥೋಲಿಕ ಬೋಧನೆಯಂತೆ ನಡೆಯುವ ಆಸ್ಪತ್ರೆಯಲ್ಲಿ ಅದೂ ಇಲ್ಲ. ಐವಿಎಫ್ ಕೂಡ ಇಲ್ಲ. ಕಾನೂನು ಬೇರೆ, ಇಗರ್ಜಿಯ ನಿಲುವು ಬೇರೆ. ನಮ್ಮ ದೇಶದಲ್ಲಿ ಗರ್ಭಪಾತಕ್ಕೆ 1971ರ ಕಾನೂನು ಅವಕಾಶ ಕೊಡುತ್ತದೆ, ಧರ್ಮಸಭೆ ಒಪ್ಪುವುದಿಲ್ಲ. ಗರ್ಭನಿರೋಧದ ಬಗ್ಗೆ 1968ರಲ್ಲಿ ಪೋಪ್ 6ನೇ ಪಾವ್ಲ್ ಹೇಳಿದ ಮಾತೇ ಈಗಲೂ ಅವರ ನಿಯಮ.

ನನ್ನ ಅಭಿಪ್ರಾಯ ಕೇಳಿದರೆ, ಇದನ್ನು ಓಪಿಡಿಯಲ್ಲಿ ದೊಡ್ಡದಾಗಿ ಬರೆದು ಹಾಕಬೇಕು. ಒಂಬತ್ತನೇ ತಿಂಗಳಲ್ಲಿ ಗೊತ್ತಾದರೆ ಬೇರೆ ಕಡೆ ಓಡಬೇಕು. ಆಪರೇಷನ್ ಬೇಕಿದ್ದವರು ಶುರುವಿನಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿ.

ಈಗಲೂ ಹುಡುಗಿಯರು ಸಿಸ್ಟರ್ ಆಗ್ತಾರಾ?

ಕಮ್ಮಿ. ಹಿಂದೆ ಮನೆಯಲ್ಲಿ ಏಳೆಂಟು ಮಕ್ಕಳು, ಒಬ್ಬಳು ಕೊವೆಂತಿಗೆ, ಅಂದರೆ ಸಿಸ್ಟರ್‌ಗಳ ಮಠಕ್ಕೆ. ಈಗ ಇರುವುದೇ ಇಬ್ಬರು. ನರ್ಸಿಂಗ್ ಓದಿದವಳಿಗೆ ಗಲ್ಫ್, ಇಂಗ್ಲೆಂಡ್, ಜರ್ಮನಿ ಕರೆಯುತ್ತದೆ. ತಮಾಷೆ ಏನೆಂದರೆ ಸಿಸ್ಟರ್‌ಗಳೂ ಅದೇ ಕಡೆ ಹೋಗುತ್ತಿದ್ದಾರೆ. ಒಂದು ಕಾಲಕ್ಕೆ ಇಟಲಿ, ಜರ್ಮನಿಯಿಂದ ಇಲ್ಲಿಗೆ ಬಂದರು. ಈಗ ಅಲ್ಲಿನ ವೃದ್ಧಾಶ್ರಮಗಳಲ್ಲಿ ಮುದಿ ಸಿಸ್ಟರ್‌ಗಳನ್ನು ನೋಡಿಕೊಳ್ಳಲು ನಮ್ಮ ದೇಶದ ಸಿಸ್ಟರ್‌ಗಳು ಹೋಗುತ್ತಾರೆ. ಇಲ್ಲಿನ ವಾರ್ಡುಗಳಲ್ಲಿ ಸಂಬಳದ ನರ್ಸ್‌ಗಳೇ ಜಾಸ್ತಿ.

ರೋಗಿಯ ಜೊತೆ ಎಷ್ಟು ಜನ ಇರಬಹುದು?

ಒಬ್ಬರು. ಇಲ್ಲಿ ಅವರನ್ನು ಬೈಸ್ಟ್ಯಾಂಡರ್ ಅಂತಾರೆ. ಪಾಸ್ ಕೊಡುತ್ತಾರೆ, ಕಳೆದುಕೊಳ್ಳಬೇಡಿ. ಜೀಪಿನಲ್ಲಿ ಒಂಬತ್ತು ಜನ ಬರುವ ಅಭ್ಯಾಸ ಬಿಡಿ, ಉಳಿದ ಎಂಟು ಜನಕ್ಕೆ ಊಟ ಹಾಕುವುದು ನಾನು.

ಡಿಸ್ಚಾರ್ಜ್ ಆಗುವಾಗ ಸಿಸ್ಟರ್‌ಗೆ ಏನಾದರೂ ಕೊಡಬಹುದಾ?

ದುಡ್ಡು ಕೊಡಬೇಡಿ. ಅವರು ಇಟ್ಟುಕೊಳ್ಳುವುದಿಲ್ಲ, ನಿಮಗೂ ಮುಜುಗರ. ಸೀರೆಯೂ ಬೇಡ. ತಿನ್ನುವ ವಸ್ತು ಆದರೆ ನಡೆಯುತ್ತದೆ, ಅದೂ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು. ಅಜ್ಜಿ ಮನೆಗೆ ಹೋಗುವ ಹಿಂದಿನ ದಿನ ನನ್ನ ಮಾವ ತೋಟದಿಂದ ಒಂದು ದೊಡ್ಡ ಹಲಸಿನ ಹಣ್ಣು ಹೊತ್ತು ತಂದರು. ಟಾರ್ಚಿನ ಸಿಸ್ಟರ್‌ಗೇ ಅಂತ ಕೊಟ್ಟೆವು. ಅವರು ಅದರ ಬೆನ್ನು ತಟ್ಟಿ ನೋಡಿ, ಹಣ್ಣಾಗಿದೆ ಅಂದು, ಇಬ್ಬರು ವಾರ್ಡ್ ಬಾಯ್‌ಗಳನ್ನು ಕರೆದು ಅಡುಗೆಮನೆಗೆ ಕಳಿಸಿದರು. ಸಂಜೆ ನಾಲ್ಕಕ್ಕೆ ವಾರ್ಡ್ ಪೂರ್ತಿ ಹಲಸಿನ ವಾಸನೆ. ಸಕ್ಕರೆ ಕಾಯಿಲೆಯವರ ಹಾಸಿಗೆ ಬಿಟ್ಟು ಉಳಿದ ಎಲ್ಲರಿಗೂ ಎರಡೆರಡು ತೊಳೆ ಬಂತು. ನಮ್ಮ ಅಜ್ಜಿಗೂ ಎರಡು, ಸ್ಟೀಲ್ ತಟ್ಟೆಯಲ್ಲಿ. ಬೀಜ ವಾಪಸ್ ಕೊಡಿ ಅಂತ ಅಡುಗೆಯವಳು ಹಿಂದೆಯೇ ಬುಟ್ಟಿ ಹಿಡಿದು ಬಂದಳು, ನಾಳೆಯ ಸಾರಿಗೆ.